ಹತ್ತದೆ ಹೋದ ಬೆಂಕಿ

ಚಲುವಮ್ಮ ಆ ಕಾರ್ಖಾನೆಗೆ ಸೇರಿದ್ದು ಕಸ ಗುಡಿಸಲು. ನಿಡಘಟ್ಟದಿಂದ ಒಂದೂವರೆ ಮೈಲಿ ಒಳಗಿದ್ದ ಆ ಕಾರ್ಖಾನೆಯಲ್ಲಿ ಬಿಸ್ಕತ್ತು, ಚಿಪ್ಸುಗಳ ಪ್ಯಾಕೆಟ್ಟಿಗೆ ಬೇಕಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣದ ಚಿತ್ರ, ಅಕ್ಷರಗಳನ್ನು ಮುದ್ರಿಸುತ್ತಿದ್ದರು. ಅವಳ ಊರು ಕೊಪ್ಪ. ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಮದ್ದೂರು, ಅಲ್ಲಿಂದ ಇನ್ನೊಂದು ಬಸ್ಸಿಗೆ ನಿಡಘಟ್ಟ, ಆಮೇಲೆ ನಡಿಗೆ. ಅಲ್ಲಿಯವರೆಗೂ ಕಬ್ಬಿನ ಗದ್ದೆಯಲ್ಲಿ ಸೋಗೆ ಹೊತ್ತವಳಿಗೆ ನೆರಳಿನಲ್ಲಿ ನಿಂತು ಮಾಡುವ ಕೆಲಸವೇ ಒಂದು ಭಾಗ್ಯದಂತೆ ಕಂಡಿತ್ತು.

ಮೂರು ವರ್ಷ ಹೀಗೆ ಗುಡಿಸಿಕೊಂಡಿದ್ದಾಗ ಮಳವಳ್ಳಿಯ ಶೋಭಿತಾ ಎಂಬ ಹುಡುಗಿ ಉಗ್ರಾಣದ ಅಧಿಕಾರಿಯಾಗಿ ಬಂದಳು. ಇಪ್ಪತ್ತೇಳು ವರ್ಷ, ರಸಾಯನಶಾಸ್ತ್ರ ಓದಿದವಳು, ಸಣಕಲು ಮೈ, ಮೆಲುದನಿ. ಅವಳ ಉಸ್ತುವಾರಿಯಲ್ಲಿ ಕಾರ್ಖಾನೆಯ ಹಿಂಬದಿಗೆ, ಬೇರೆ ಕಟ್ಟಡಗಳಿಂದ ದೂರದಲ್ಲಿ ಕಟ್ಟಿದ ಒಂದು ಗೋಡೌನ್ ಇತ್ತು. ಮುದ್ರಣದ ಬಣ್ಣವನ್ನು ತೆಳುಮಾಡಲು ಬಳಸುವ ಈಥೈಲ್ ಅಸಿಟೇಟ್ ಎಂಬ ದ್ರವದ ಕಬ್ಬಿಣದ ಡ್ರಮ್ಮುಗಳು ಅಲ್ಲಿರುತ್ತಿದ್ದವು. ನೋಡಲು ನೀರಿನಷ್ಟೇ ತಿಳಿ. ಮೂಸಿದರೆ ಕಳಿತ ಹಣ್ಣಿನ ವಾಸನೆ. ಒಂದು ಕಿಡಿ ಸಾಕು ಹತ್ತಿಕೊಳ್ಳಲು. ಕೆಲಸದವರೆಲ್ಲ ಅದನ್ನು ಬರೀ ‘ಅಸಿಟೇಟು’ ಎನ್ನುತ್ತಿದ್ದರು.

ಶೋಭಿತಾ ಬಂದ ಎರಡನೇ ವಾರ, ಗೋಡೌನ್ ಹೊರಗೆ ಸಾಲಾಗಿ ನಿಲ್ಲಿಸಿದ್ದ ಖಾಲಿ ಡ್ರಮ್ಮೊಂದರ ಬಿರಡೆಯನ್ನು ಚಲುವಮ್ಮ ಹುಡುಕಿ ತಂದು ಬಿಗಿಯುತ್ತಿದ್ದುದನ್ನು ಕಂಡಳು.

“ಅದನ್ನ ಮುಚ್ಚೋಕೆ ಯಾರು ಹೇಳಿದ್ರು?”

“ಯಾರೂ ಯೋಳ್ಲಿಲ್ಲ ಕಣವ್ವ. ವಾಸ್ನೆ ಬತ್ತಿತ್ತು. ವಾಸ್ನೆ ಬತ್ತದೆ ಅಂದ್ರೆ ಒಳಗಿರೋದು ಆಚೀಕ್ ಬತ್ತದೆ ಅಂತ ತಾನೆ?”

ಶೋಭಿತಾ ಬಗ್ಗಿ, ಬಿರಡೆ ಬಿಗಿಯಾಗಿದೆಯೇ ಎಂದು ತಾನೇ ಮುಟ್ಟಿ ನೋಡಿದಳು. ಆ ಮಧ್ಯಾಹ್ನವೇ ಮ್ಯಾನೇಜರ್ ಜಯಪ್ರಕಾಶರ ಬಳಿ ಹೋಗಿ, ಗೋಡೌನಿಗೆ ಚಲುವಮ್ಮ ಬೇಕು ಎಂದಳು. ಅವರು ನಕ್ಕರು. ಓದಲು ಬಾರದ ಹೆಂಗಸಿಗೆ ಅಂಥ ಜಾಗದ ಬೀಗದ ಕೈ ಕೊಡುವುದುಂಟೇ ಎಂದರು. “ಸಾರ್, ಓದೋಕೆ ಬರೋ ಇಬ್ರು ಆ ಡ್ರಮ್ ಪಕ್ಕದಲ್ಲೇ ಎರಡು ದಿನ ಓಡಾಡಿದಾರೆ. ಅವರಿಗೆ ಅದು ಕಾಣಿಸಲಿಲ್ಲ” ಎಂದಳಂತೆ ಶೋಭಿತಾ. ಈ ಮಾತನ್ನು ಆಫೀಸಿನ ಅಟೆಂಡರು ಬಂದು ಹೇಳಿದಾಗ ಚಲುವಮ್ಮನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಐವತ್ತು ದಾಟಿದ ಆಯಸ್ಸಿನಲ್ಲಿ ಅವಳ ಪರವಾಗಿ ಒಬ್ಬರು ಇನ್ನೊಬ್ಬರ ಎದುರು ನಿಂತು ಮಾತಾಡಿದ್ದು ಅದೇ ಮೊದಲು.

ಹೇಳಿಕೊಡುವುದರಲ್ಲಿ ಶೋಭಿತಾಗೆ ಅವಸರವಿರಲಿಲ್ಲ. ಒಂದು ದಿನ ಕಾರ್ಖಾನೆಯ ಹೊರಗಿನ ಬಯಲಿಗೆ ಕರೆದುಕೊಂಡು ಹೋಗಿ, ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು, ಸೂರಿನ ಮಳೆನೀರು ಹರಿಸುವಂಥ ಒಂದು ತಗಡಿನ ದೋಣಿಯನ್ನು ಇಳಿಜಾರಾಗಿ ಇಟ್ಟಳು. ಕೆಳತುದಿಯಲ್ಲಿ ಒಂದು ಮೇಣದಬತ್ತಿ ಹಚ್ಚಿದಳು. ಮೇಲಿನ ತುದಿಯಲ್ಲಿ ಅಸಿಟೇಟಿನಲ್ಲಿ ಅದ್ದಿದ ಒಂದು ಚಿಂದಿ ಬಟ್ಟೆ ಇಟ್ಟು ದೂರ ನಿಂತಳು. ಬಟ್ಟೆಗೂ ಬತ್ತಿಗೂ ನಡುವೆ ಐದಡಿ. ಒಂದು ತೊಟ್ಟೂ ಕೆಳಗೆ ಹರಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಣದಬತ್ತಿಯಿಂದ ಒಂದು ನೀಲಿ ಉರಿ ಎದ್ದು, ದೋಣಿಯ ಉದ್ದಕ್ಕೂ ಹಾವಿನ ಹಾಗೆ ಮೇಲಕ್ಕೆ ಓಡಿ ಬಟ್ಟೆಯನ್ನು ಹಿಡಿಯಿತು. ಚಲುವಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ನೋಡಿದ್ರಾ ಚಲುವಮ್ಮ. ಇದರ ಆವಿ ಹೊಗೆ ಥರ ಮೇಲಕ್ಕೆ ಹೋಗಲ್ಲ. ಗಾಳಿಗಿಂತ ಭಾರ. ನೀರಿನ ಥರ ತಗ್ಗು ಹುಡುಕ್ಕೊಂಡು ಹೋಗುತ್ತೆ. ಅಲ್ಲೆಲ್ಲೋ ಬೆಂಕಿ ಸಿಕ್ಕಿದ್ರೆ, ಅದನ್ನ ಕರ್ಕೊಂಡು ವಾಪಸ್ ಮನೆಗೆ ಬರುತ್ತೆ.”

ಅಂದಿನಿಂದ ಚಲುವಮ್ಮನಿಗೆ ಗೋಡೌನಿನ ಪ್ರತಿಯೊಂದು ಕಟ್ಟಳೆಗೂ ಕಾರಣ ತಿಳಿಯುತ್ತ ಹೋಯಿತು. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಸುರಿಯುವಾಗ ದ್ರವ ಉಜ್ಜಿಕೊಂಡು ಹರಿದೇ ಕರೆಂಟು ಹುಟ್ಟುತ್ತದೆ. ಆದ್ದರಿಂದ ಎರಡಕ್ಕೂ ತಾಮ್ರದ ತಂತಿ ಕಚ್ಚಿಸಿ, ಆ ತಂತಿಯನ್ನು ಭೂಮಿಗೆ ಸೇರಿಸಬೇಕು. ಬಿರಡೆ ಬಿಚ್ಚಲು ಹಿತ್ತಾಳೆಯ ಸ್ಪ್ಯಾನರೇ ಆಗಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಒಳಗೆ ಬರುವವರು ನೈಲಾನ್ ಬಟ್ಟೆ ಉಡಬಾರದು, ಮೊಬೈಲು ಬೆಂಕಿಪೊಟ್ಟಣ ಗೇಟಿನಲ್ಲೇ ಬಿಡಬೇಕು. ಅಸಿಟೇಟು ಇಳಿಸುವ ಲಾರಿಯ ಎಂಜಿನ್ ಆರಿಸಿ, ಚಕ್ರಕ್ಕೆ ಮರದ ತಡೆ ಕೊಟ್ಟು, ಕೀಲಿಯನ್ನು ಚಲುವಮ್ಮನ ಕೈಗೆ ಒಪ್ಪಿಸಬೇಕು. ತಂತಿ ಇಳಿದ ಗುಂಡಿಯ ಮಣ್ಣು ಒಣಗಬಾರದೆಂದು ಅವಳು ದಿನಾ ಬೆಳಿಗ್ಗೆ ಅದಕ್ಕೆ ಎರಡು ಬಿಂದಿಗೆ ನೀರು ಸುರಿಯುತ್ತಿದ್ದಳು. ಗಿಡವಿಲ್ಲದ ಪಾತಿಗೆ ನೀರು ಹಾಕುವವಳು ಎಂದು ಮುದ್ರಣದ ಹುಡುಗರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ತಂತಿ ಕಚ್ಚಿಸದೆ ಸುರಿಯಲು ಬಂದವರಿಗೆ ಬೀಗ ತೆಗೆಯುತ್ತಿರಲಿಲ್ಲ.

ಈ ಹಟದಿಂದಾಗಿಯೇ ಅವಳಿಗೂ ಮರಿತಾಯಮ್ಮನಿಗೂ ಮಾತು ನಿಂತಿತ್ತು.

ಮರಿತಾಯಮ್ಮನದು ಕಾರ್ಖಾನೆಯ ಹಿಂದಿನ ಕಾಂಪೌಂಡಿನ ಆಚೆ, ಮೋರಿಯ ಪಕ್ಕ, ಶೀಟು ಹೊದಿಸಿದ ಸಣ್ಣ ಹೋಟೆಲು. ಮಧ್ಯಾಹ್ನ ಮುದ್ದೆ, ಉಪ್ಸಾರು, ಅನ್ನ. ಕಾರ್ಖಾನೆಯವರೇ ಅವಳ ಗಿರಾಕಿಗಳು. ಸೌದೆ ಉಳಿಯುತ್ತದೆಂದು ಒಂದು ಖಾಲಿ ಡ್ರಮ್ಮನ್ನು ಕತ್ತರಿಸಿ ಒಲೆ ಮಾಡಿಸಿಕೊಳ್ಳುವ ಆಸೆ ಅವಳಿಗೆ. ಚಲುವಮ್ಮನನ್ನು ಕೇಳಿದಳು.

“ಖಾಲಿ ಡ್ರಮ್ಮೇ ಮೋಸ ಕಣಮ್ಮಿ” ಎಂದಿದ್ದಳು ಚಲುವಮ್ಮ. “ಒಳಗೆ ಅಸಿಟೇಟು ಇರಾಕಿಲ್ಲ, ಆವಿ ಇರ್ತದೆ. ಕತ್ತರ್ಸಾಕೆ ಓದ್ರೆ ಬಾಂಬು ಸಿಡಿದಂಗೆ ಸಿಡೀತದೆ. ಕೊಡಾಕಿಲ್ಲ.”

“ನಿಮ್ಮಪ್ಪನ ಮನೇದ ಅದು? ಮೊನ್ನೆ ಮೊನ್ನೆ ಗಂಟ ಕಸ ಗುಡುಸ್ತಿದ್ದೆ, ಇವತ್ತು ನಂಗೇ ಕಾನೂನು ಯೋಳ್ತೀಯ” ಎಂದು ಮರಿತಾಯಮ್ಮ ನಾಲ್ಕು ಜನರ ಮುಂದೆ ಅಂದುಬಿಟ್ಟಳು. ಅಂದಿನಿಂದ ಚಲುವಮ್ಮ ಬುತ್ತಿ ತರತೊಡಗಿದಳು. ಹಾದಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಳ್ಳುತ್ತಿದ್ದರು. ಇದಾಗಿ ಎಂಟು ತಿಂಗಳಾಗಿತ್ತು.

ಮೇ ತಿಂಗಳ ಒಂದು ಬುಧವಾರ ಶೋಭಿತಾ ಗೋಡೌನಿನ ಪರವಾನಗಿ ಕಾಗದಗಳಿಗಾಗಿ ಮಂಡ್ಯಕ್ಕೆ ಹೋಗಿದ್ದಳು. ಹಿಂದಿನ ಸಂಜೆ ಜೋರು ಮಳೆಯಾಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಮೂವತ್ತು ಡ್ರಮ್ಮುಗಳ ಲಾರಿ ಬಂತು. ಡ್ರೈವರ್ ಚಿಕ್ಕಬೋರಯ್ಯ ಪಾಂಡವಪುರದ ಕಡೆಯವನು, ಈ ಕಾರ್ಖಾನೆಗೆ ಹೊಸಬ. ಕಟ್ಟಳೆಯಂತೆ ಎಂಜಿನ್ ಆರಿಸಿದ, ಕೀಲಿ ಕೊಟ್ಟ, ಕೊಡುವಾಗ ಗೊಣಗಿದ. ಚಲುವಮ್ಮ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಡ್ರಮ್ ಇಳಿಸುವ ಅಂಗಳದ ಸುತ್ತ ಮೊಣಕಾಲೆತ್ತರದ ಕಟ್ಟೆ ಇತ್ತು. ಚೆಲ್ಲಿದ್ದೆಲ್ಲ ಮೂಲೆಯ ಗುಂಡಿಗೆ ಬಂದು ನಿಲ್ಲಬೇಕು, ಹಾಗೆ ಇಳಿಜಾರು ಮಾಡಿದ್ದರು. ಮಳೆನೀರು ಹೋಗಲು ಗುಂಡಿಯ ಪಕ್ಕ ಒಂದು ಚರಂಡಿ, ಅದಕ್ಕೊಂದು ಕಬ್ಬಿಣದ ಹಲಗೆ. ಲಾರಿ ಬಂದಾಗ ಹಲಗೆ ಇಳಿಸಿ ಚರಂಡಿ ಮುಚ್ಚಬೇಕು. ಚಲುವಮ್ಮ ಹಲಗೆ ಇಳಿಸಿದಳು. ಅದು ತಳಕ್ಕೆ ಕೂತಿತೋ ಇಲ್ಲವೋ ಎಂದು ಬಗ್ಗಿ ನೋಡುವುದೂ ಅವಳ ಕೆಲಸವೇ. ಅಂದು ಸೊಂಟ ಹಿಡಿದುಕೊಂಡಿತ್ತು. ನೋಡಲಿಲ್ಲ.

ಲಾರಿಯಿಂದ ನೆಲಕ್ಕೆ ಎರಡು ಉದ್ದನೆಯ ಮರದ ಹಲಗೆ ಕೊಟ್ಟು, ಕೆಳಗೆ ಹಳೆಯ ಟೈರು ಹಾಕಿ, ಇಬ್ಬರು ಹಮಾಲರು ಡ್ರಮ್ಮುಗಳನ್ನು ಮೆಲ್ಲಗೆ ಉರುಳಿಸಿ ಇಳಿಸುತ್ತಿದ್ದರು. ಒಂಬತ್ತನೆಯದು ಕೈ ಜಾರಿತು. ಟೈರಿನ ಮೇಲೆ ಬೀಳಬೇಕಾದದ್ದು ಪಕ್ಕಕ್ಕೆ ಹಾರಿ ಕಟ್ಟೆಯ ಸಿಮೆಂಟಿನ ಅಂಚಿಗೆ ಬಡಿಯಿತು. ತಳದ ಬೆಸುಗೆ ಗೇಣುದ್ದ ಬಾಯಿ ಬಿಟ್ಟಿತು. ತಿಳಿಯಾದ ದ್ರವ ದಪ್ಪನೆ ಹೊರಬಿದ್ದು ಬಿಸಿ ನೆಲದ ಮೇಲೆ ಹರಡಿತು. ಅದರ ಹಿಂದೆಯೇ, ಬುಟ್ಟಿಗಟ್ಟಲೆ ಹಣ್ಣು ಕೊಳೆಸಿಟ್ಟ ಹಾಗೆ ವಾಸನೆ ಮುಖಕ್ಕೆ ಬಡಿಯಿತು.

ಹಮಾಲರು ಹಾರಿ ದೂರ ಓಡಿದರು. ಚಿಕ್ಕಬೋರಯ್ಯ ಮಾತ್ರ ಲಾರಿಯ ಕಡೆಗೇ ಓಡಿದ. “ಕೀ ಕೊಡಮ್ಮ, ಗಾಡಿ ಆಚೀಕ್ ತಗೀತೀನಿ. ಇನ್ನೂ ಇಪ್ಪತ್ತೊಂದು ಡ್ರಮ್ ಅವೆ ಮೇಲೆ.”

“ಕೊಡಾಕಿಲ್ಲ.”

“ಏನ್ ತಮಾಸೆ ಮಾಡ್ತೀಯಾ? ಗಾಡಿ ಸುಟ್ಟೋದ್ರೆ ಯಾರ್ ಜವಾಬ್ದಾರಿ?”

“ನೀನು ಕೀ ತಿರುಗ್ಸುದ್ರೇ ಸುಟ್ಟೋಗದು. ಎಂಜಿನ್ನು ನಿಂತಿರೋದು ಆವಿ ಮಧ್ಯದಲ್ಲಿ ಕಣಪ್ಪ. ನೀನು ನಡಿ ಗೇಟ್ಗೆ. ಗಾಳಿಗೆ ಎದುರಾಗಿ ನಡಿ.”

ಅವನು ಕೈ ಚಾಚಿದ. ಅವಳಿಗಿಂತ ಒಂದಡಿ ಎತ್ತರದ ಆಳು. ಚಲುವಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಅವನ ಕಣ್ಣನ್ನೇ ನೋಡಿದಳು. ಅವಳ ಮುಖದಲ್ಲಿ ಏನು ಕಂಡನೋ, ಚಿಕ್ಕಬೋರಯ್ಯ ಕೈ ಹಿಂದಕ್ಕೆಳೆದುಕೊಂಡು ಹಮಾಲರ ಹಿಂದೆ ನಡೆದ. ಅಷ್ಟರಲ್ಲಿ ಗೇಟಿನ ಕಾವಲುಗಾರ ಕೈಯಿಂದ ತಿರುಗಿಸುವ ಸೈರನ್ ಕೂಗಿಸಿದ್ದ. ಮುದ್ರಣದ ಯಂತ್ರಗಳು ಒಂದೊಂದಾಗಿ ನಿಂತವು. ಮದ್ದೂರಿನ ಅಗ್ನಿಶಾಮಕ ಠಾಣೆಗೆ ಫೋನು ಹೋಯಿತು.

ಅವಳೂ ಹೊರಡಬೇಕಿತ್ತು. ಹೊರಡುವ ಮೊದಲು ಗುಂಡಿಯ ಕಡೆ ನೋಡಿದಳು. ಇಷ್ಟು ಹೊತ್ತಿಗೆ ಅದು ತುಂಬಿರಬೇಕಿತ್ತು. ಅರ್ಧವೂ ತುಂಬಿರಲಿಲ್ಲ. ಚರಂಡಿಯ ಬಾಯಿಯಲ್ಲಿ, ಹಲಗೆಯ ಕೆಳಗೆ, ಹಿಂದಿನ ಸಂಜೆಯ ಮಳೆ ತಂದ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಆ ಎರಡು ಬೆರಳಿನ ಸಂದಿಯಲ್ಲಿ ಅಸಿಟೇಟು ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು.

ಚರಂಡಿ ಹೋಗುವುದು ಕಾಂಪೌಂಡಿನ ಅಡಿಯಿಂದ ಮೋರಿಗೆ. ಮೋರಿಯ ಪಕ್ಕ ಮರಿತಾಯಮ್ಮನ ಒಲೆ. ಹನ್ನೊಂದೂವರೆ. ಮುದ್ದೆಗೆ ಎಸರಿಡುವ ಹೊತ್ತು.

ಬಯಲಿನಲ್ಲಿ ಕಂಡ ಆ ನೀಲಿ ಉರಿ ಅವಳ ಕಣ್ಣ ಮುಂದೆ ಬಂತು. ಗಾಳಿ ಬೀಸಿ ಬರುವ ಕಡೆ ನಿಂತು ಉಸಿರು ಕಟ್ಟಿಕೊಂಡು, ಸಾಲಾಗಿಟ್ಟಿದ್ದ ಮರಳಿನ ಬಕೆಟ್ಟುಗಳಲ್ಲಿ ಮೂರನ್ನು ಒಂದಾದ ಮೇಲೊಂದರಂತೆ ಆ ಸಂದಿಗೆ ಸುರಿದಳು. ಹರಿವು ಕಟ್ಟಿತು. ಕಣ್ಣು ಉರಿಯುತ್ತಿತ್ತು, ತಲೆ ತಿರುಗುತ್ತಿತ್ತು. ಕಾಂಪೌಂಡಿನ ಹಿಂಬಾಗಿಲ ಅಗಳಿ ತೆಗೆದು ಹೊರಗಿನ ಹಾದಿಗೆ ಬಿದ್ದು ಓಡಿದಳು. ಸೊಂಟದ ನೋವು ಆಗ ಎಲ್ಲಿ ಹೋಗಿತ್ತೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

ಹೋಟೆಲಿನ ಮುಂದೆ ತನ್ನ ಸ್ಕೂಟರ್ ನಿಲ್ಲಿಸಿಕೊಂಡು ಬೆಂಚಿನ ಮೇಲೆ ಅಂಕಯ್ಯನೆಂಬ ಮುದುಕ ಬೀಡಿ ಸೇದುತ್ತ ಕೂತಿದ್ದ. ಒಳಗೆ ಮೂರು ಕಲ್ಲಿನ ಒಲೆಯಲ್ಲಿ ಸೌದೆ ಧಗಧಗ ಉರಿಯುತ್ತಿತ್ತು. ದೊಡ್ಡ ಪಾತ್ರೆಯಲ್ಲಿ ಎಸರು ಮರಳುತ್ತಿತ್ತು. ಮರಿತಾಯಮ್ಮ ಹಿಟ್ಟಿನ ಮೊರ ಹಿಡಿದು ನಿಂತಿದ್ದವಳು, ಎಂಟು ತಿಂಗಳಿಂದ ಮಾತಿಲ್ಲದವಳು ಹೀಗೆ ಒಳನುಗ್ಗಿದ್ದು ಕಂಡು ಹುಬ್ಬು ಗಂಟಿಕ್ಕಿದಳು.

ಚಲುವಮ್ಮನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಒಳಗೆ ಬರುವ ಮುಂಚೆಯೇ ಅಂಕಯ್ಯನ ಬಾಯಿಂದ ಬೀಡಿ ಕಿತ್ತು ಅಲ್ಲೇ ಇದ್ದ ನೀರಿನ ಚೊಂಬಿಗೆ ಅದ್ದಿದ್ದಳು. ಈಗ ಅಲ್ಲಿದ್ದ ಬಟ್ಟೆ ಸುತ್ತಿಕೊಂಡು ಪಾತ್ರೆಯ ಅಂಚು ಹಿಡಿದು, ಎಸರನ್ನು ಪೂರಾ ಒಲೆಯ ಮೇಲೆ ಬಗ್ಗಿಸಿದಳು. ಚೊಂಯ್ ಎಂದು ಬೂದಿ ಹಾರಿತು. ಪಕ್ಕದ ತೊಟ್ಟಿಯಿಂದ ಮತ್ತೆ ಎರಡು ಕೊಡ ನೀರು ಸುರಿದಳು. ಒಂದು ಕೆಂಡವೂ ಕಣ್ಣು ಬಿಡದ ಹಾಗೆ ಕೋಲಿನಿಂದ ಕೆದಕಿ ಇನ್ನೊಂದು ಕೊಡ ಹಾಕಿದಳು.

“ಯಾಕಮ್ಮಿ, ನಿಂಗೇನು ಮರ್ಳು ಇಡೀತಾ?” ಮರಿತಾಯಮ್ಮ ಅವಳ ರಟ್ಟೆ ಹಿಡಿದು ಎಳೆದಳು. “ಅದೇನು ಅಗೆ ಅಂತ ಇಂಗೆ ತೀರುಸ್ಕತಿದ್ದೀಯ? ಮೂವತ್ತು ಜನ ಬತ್ತಾರೆ ಉಣ್ಣಾಕೆ.”

“ಮೂಸು” ಎಂದಳು ಚಲುವಮ್ಮ. “ಮೋರಿ ಕಡೆ ತಿರುಗಿ ಮೂಸು.”

ಮರಿತಾಯಮ್ಮ ತಿರುಗಿದಳು. ಹೊಗೆ, ಬೂದಿಯ ವಾಸನೆಯ ನಡುವೆ ತೆಳ್ಳಗೆ, ಸಿಹಿಯಾಗಿ ಇನ್ನೊಂದು ಬಂತು. ಅವಳ ಹಿಡಿತ ಸಡಿಲವಾಯಿತು.

“ಏನಮ್ಮಿ ಅದು?”

“ಅಸಿಟೇಟು. ನಿನ್ ಒಲೆ ಹುಡುಕ್ಕೊಂಡು ಬಂದದೆ. ನಡಿ, ಆ ಒಂಗೆ ಮರದ ತಾವ್ಕೆ ನಡಿ. ಅಂಕಯ್ಯಣ್ಣ, ನೀನೂ ಏಳು. ಸ್ಕೂಟರ್ ಮುಟ್ಬೇಡ, ಇರ್ಲಿ ಬುಡು ಅಲ್ಲೇ. ನಡ್ಕೊಂಡು ಬಾ.”

ಮೂವರೂ ಗಾಳಿಗೆ ಎದುರಾಗಿ, ದಿಣ್ಣೆಯ ಮೇಲಿದ್ದ ಹೊಂಗೆಮರದ ಕೆಳಗೆ ಹೋಗಿ ನಿಂತರು. ಅತ್ತ ಕಡೆಯಿಂದ ಬರುತ್ತಿದ್ದ ಒಂದು ಟ್ರ್ಯಾಕ್ಟರನ್ನು ಚಲುವಮ್ಮ ಹಾದಿಗೆ ಅಡ್ಡ ನಿಂತು ತಡೆದು ಹಿಂದಕ್ಕೆ ಕಳಿಸಿದಳು. ಇನ್ಯಾರೂ ಬಾರದಂತೆ ತಡೆಯಲು ಹಾದಿಯ ಆ ತುದಿಗೆ ಅಂಕಯ್ಯನನ್ನು ನಿಲ್ಲಿಸಿದಳು. ಯಾರಿಗೂ ಏನೂ ಕಾಣುತ್ತಿರಲಿಲ್ಲ. ಬಿಸಿಲು, ಮೋರಿ, ಶೀಟಿನ ಹೋಟೆಲು, ಅಷ್ಟೆ. ಮರಿತಾಯಮ್ಮ ತನ್ನ ಹೋಟೆಲನ್ನೇ ನೋಡುತ್ತ ನಿಂತಿದ್ದಳು. ಕೈಯಲ್ಲಿ ಹಿಟ್ಟಿನ ಮೊರ ಹಾಗೇ ಇತ್ತು.

ಮದ್ದೂರಿನಿಂದ ಅಗ್ನಿಶಾಮಕದ ಗಾಡಿ ಇಪ್ಪತ್ತು ನಿಮಿಷದಲ್ಲಿ ಬಂತು. ಅವರು ದೂರದಲ್ಲೇ ನಿಲ್ಲಿಸಿ, ಅಂಗಳದಲ್ಲಿ ಚೆಲ್ಲಿದ್ದರ ಮೇಲೆ, ಗುಂಡಿಯ ಮೇಲೆ, ಚರಂಡಿಯ ಉದ್ದಕ್ಕೆ ಬಿಳಿ ನೊರೆ ಹೊದಿಸಿದರು. ಲಾರಿಯ ಮೇಲಿದ್ದ ಡ್ರಮ್ಮುಗಳಿಗೆ ನೀರು ಸಿಂಪಡಿಸಿ ತಣ್ಣಗಿಟ್ಟರು. ಒಬ್ಬನು ಕೈಯಲ್ಲೊಂದು ಸಣ್ಣ ಮೀಟರು ಹಿಡಿದು ಮೋರಿಯ ತಳಕ್ಕೆ ಇಳಿಬಿಟ್ಟು ನೋಡಿದ. ಅದು ಕೂಗಿಕೊಂಡಿತು. ಅವನು ಎದ್ದು, ಆರಿದ ಒಲೆಯನ್ನು ನೋಡಿದ, ಒಲೆಗೂ ಮೋರಿಗೂ ಇದ್ದ ನಾಲ್ಕು ಮಾರು ದೂರವನ್ನು ನೋಡಿದ. “ಇದನ್ನ ಆರ್ಸಿದ್ದು ಯಾರು?” ಎಂದು ಕೇಳಿದ. ಅಂಕಯ್ಯ ಬೆರಳು ತೋರಿಸಿದ. ಆ ಅಗ್ನಿಶಾಮಕದವನು ಚಲುವಮ್ಮನ ಹತ್ತಿರ ಬಂದು, ಹೆಲ್ಮೆಟ್ಟು ತೆಗೆದು ಕೈ ಮುಗಿದ. ಅವಳು ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಟಳು.

ಒಂದು ಗಂಟೆಯ ಹೊತ್ತಿಗೆ ಶೋಭಿತಾ ಮಂಡ್ಯದಿಂದ ಓಡಿ ಬಂದಳು. ಗೇಟಿನಿಂದ ಅಂಗಳಕ್ಕೆ, ಅಂಗಳದಿಂದ ಹೊಂಗೆಮರಕ್ಕೆ ಬಂದು ಚಲುವಮ್ಮನ ಎರಡೂ ಕೈಗಳನ್ನು ತಿರುಗಿಸಿ ನೋಡಿದಳು. ಎಸರು ತಾಗಿ ಎಡಗೈ ಮೇಲೆ ಎರಡು ಬೊಬ್ಬೆ ಎದ್ದಿದ್ದವು.

“ನಿಮಗೇನಾದ್ರೂ ಆಗಿದ್ರೆ ನಾನೇನು ಮಾಡಬೇಕಿತ್ತು?” ಎಂದು ಕೇಳಿದಳು.

“ಏನೂ ಆಗ್ನಿಲ್ವಲ್ಲವ್ವ” ಎಂದಳು ಚಲುವಮ್ಮ. “ನೀನು ಅವತ್ತು ತಗಡಿನ ಮೇಲೆ ತೋರಿಸ್ದೇ ಓಗಿದ್ರೆ ನಾನೂ ಗೇಟ್ಗೆ ಓಡೋಯ್ತಿದ್ದೆ. ಕಾಣ್ದೇ ಇರೋ ಬೆಂಕೀನ ಮುಂಚೇನೇ ಕಾಣಂಗೆ ಮಾಡಿದ್ದೆ ನೀನು.”

ಸಂಜೆ ಚಿಕ್ಕಬೋರಯ್ಯ ಲಾರಿಯನ್ನು ಹೊರಗೆ ಒಯ್ಯುವ ಮೊದಲು ಕೀಲಿಗಾಗಿ ಬಂದ. ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವನು ತೆಗೆದುಕೊಂಡರೂ ಹೊರಡಲಿಲ್ಲ.

“ನಂಗೆ ಇಬ್ರು ಎಣ್ಮಕ್ಳು ಕಣಮ್ಮ. ದೊಡ್ಡೋಳು ಈ ಸಲ ಎಸ್ಸೆಲ್ಸಿ. ನೀನು ಕೀ ಕೊಟ್ಟುಬುಟ್ಟಿದ್ರೆ...” ಕೀಲಿಯನ್ನು ಜೇಬಿಗೆ ಹಾಕಿಕೊಂಡು, “ಬತ್ತೀನಿ ಕಣಮ್ಮ” ಎಂದು ಹೊರಟ.

ಮಾರನೆಯ ದಿನ ಮ್ಯಾನೇಜರ್ ಜಯಪ್ರಕಾಶ್ ಚಲುವಮ್ಮನನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಮಡಿಸಿದ ಶಾಲು, ಹಾರ ಇತ್ತು. ಮಧ್ಯಾಹ್ನ ಎಲ್ಲರ ಮುಂದೆ ಸನ್ಮಾನ ಮಾಡುತ್ತೇವೆ ಎಂದರು. ಶೋಭಿತಾ ಪಕ್ಕದಲ್ಲಿ ಕೂತು ನಡೆದದ್ದೆಲ್ಲದರ ವರದಿ ಬರೆಯುತ್ತಿದ್ದಳು. ಚರಂಡಿಯ ಬಗೆಗಿನ ಸಾಲಿಗೆ ಬಂದಾಗ, “ಮಳೆಯಿಂದ ಕಲ್ಲು ಸಿಕ್ಕಿಕೊಂಡಿದ್ದರಿಂದ ಹಲಗೆ ಪೂರ್ತಿ ಕೂರಲಿಲ್ಲ” ಎಂದು ಓದಿದಳು.

ಚಲುವಮ್ಮನಿಗೆ ರಾತ್ರಿಯೆಲ್ಲ ಕುಟುಕುತ್ತಿದ್ದುದು ಅದೇ. ಕಲ್ಲಿನ ಮೇಲೆ ಹೊರಿಸಿ ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಶಾಲನ್ನು ನೋಡಿದಳು. ಆಮೇಲೆ ಶೋಭಿತಾಳ ಮುಖವನ್ನು ನೋಡಿದಳು.

“ಕಲ್ಲು ಅಂತ ಮಾತ್ರ ಬರೀಬೇಡ ಕಣವ್ವ. ಅಲಗೆ ಇಳಿಸ್ದ ಮೇಲೆ ಬಗ್ಗಿ ನೋಡ್ಬೇಕು ಅಂತ ನೀನು ನೂರು ಸಲ ಯೋಳಿದ್ದೆ. ನಾನು ನೋಡ್ಲಿಲ್ಲ. ಸೊಂಟ ನೋಯ್ತಿತ್ತು. ನೋಡಿದ್ರೆ ಒಂದು ತೊಟ್ಟೂ ಆಚೀಕ್ ಓಯ್ತಿರ್ನಿಲ್ಲ. ಮರಿತಾಯಿ ಒಲೆ ಗಂಟ ಓಗಿದ್ದು ನನ್ನ ತಪ್ಪು. ಶಾಲು ಬ್ಯಾಡ ಸಾರ್ ನಂಗೆ.”

ಕೆಲಸ ಹೋಗುತ್ತದೆಂದೇ ಚಲುವಮ್ಮ ಅಂದುಕೊಂಡಳು. ಬೀಗದ ಕೈಗಳನ್ನು ಮೇಜಿನ ಮೇಲಿಟ್ಟಳು.

ಜಯಪ್ರಕಾಶ್ ಕನ್ನಡಕ ತೆಗೆದು ಒರೆಸಿಕೊಂಡರು. “ನೀವು ಹೇಳದಿದ್ರೆ ಇದು ನಮಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ” ಎಂದರು. “ಇಷ್ಟು ವರ್ಷದಲ್ಲಿ ಈ ಕೋಣೆಗೆ ಬಂದು ತಪ್ಪು ತನ್ನದು ಅಂದೋರು ಯಾರೂ ಇಲ್ಲ. ನಾನೂ ಅಂದಿಲ್ಲ. ಆ ಹೋಟೆಲು ಅಲ್ಲಿರಬಾರದು ಅಂತ ಶೋಭಿತಾ ಎರಡು ಸಲ ಬರೆದುಕೊಟ್ಟಿದ್ರು. ಫೈಲಲ್ಲಿ ಇಟ್ಟೆ.”

ಶೋಭಿತಾ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಬರೆದದ್ದನ್ನು ಓದಿ ಹೇಳಿದಳು. ಹಲಗೆ ಕೂತಿದೆಯೇ ಎಂದು ಪರೀಕ್ಷಿಸಲಿಲ್ಲ. ಬಗ್ಗಿ ನೋಡಿದರಷ್ಟೇ ತಿಳಿಯುವ ಹಲಗೆ ಇಟ್ಟದ್ದೂ ಸರಿಯಲ್ಲ. ಹೋಟೆಲಿನ ವಿಷಯ ತಿಳಿದಿದ್ದೂ ಕ್ರಮ ಕೈಗೊಳ್ಳಲಿಲ್ಲ. ಮೂರೂ ತಪ್ಪು ಒಂದರ ಕೆಳಗೊಂದು ಬಂದವು. ಆಮೇಲೆ ಬೀಗದ ಕೈಗಳನ್ನು ಎತ್ತಿ ಚಲುವಮ್ಮನ ಅಂಗೈಯಲ್ಲಿಟ್ಟು, “ನಡೀರಿ, ಹತ್ತು ಗಂಟೆಗೆ ಬಣ್ಣ ಕಲಸೋರು ಅಸಿಟೇಟಿಗೆ ಕಾಯ್ತಿರ್ತಾರೆ” ಎಂದಳು.

ಹದಿನೈದು ದಿನದಲ್ಲಿ ಹಲಗೆಯ ಜಾಗದಲ್ಲಿ ನಿಂತೇ ತಿರುಗಿಸಬಹುದಾದ ಚಕ್ರದ ವಾಲ್ವ್ ಬಂತು. ಮುಚ್ಚಿದೆಯೋ ತೆರೆದಿದೆಯೋ ಎಂದು ದೂರದಿಂದಲೇ ಕಾಣುವಂತೆ ಕೆಂಪು ಹಸಿರು ಬಣ್ಣ ಬಳಿದಿದ್ದರು. ಹೋಟೆಲಿಗೆ ಮುಂದಿನ ಗೇಟಿನ ಎದುರು, ರಸ್ತೆಯ ಆಚೆ, ಕಾರ್ಖಾನೆಯೇ ಇಟ್ಟಿಗೆ ಗೋಡೆಯ ಶೆಡ್ಡು ಕಟ್ಟಿಸಿಕೊಟ್ಟಿತು.

ಶೆಡ್ಡಿಗೆ ಹಾಲು ಉಕ್ಕಿಸಿದ ದಿನ ಮರಿತಾಯಮ್ಮ ಗೇಟಿನ ಬಳಿ ಬಂದು ಕಾವಲುಗಾರನಿಗೆ, “ನನ್ ಎಸ್ರು ಚೆಲ್ಲಿದೋಳು ಎಲ್ಲವ್ಳೆ, ಕರಿ” ಎಂದಳು. ಚಲುವಮ್ಮ ಹೋದಳು. ಇಬ್ಬರೂ ಗೇಟಿನ ಕಂಬಿಯ ಆಚೆ ಈಚೆ ನಿಂತರು.

“ಅವತ್ತು ನಾಕು ಜನದ್ ಮುಂದೆ ಅಂದುಬುಟ್ಟೆ” ಎಂದಳು ಮರಿತಾಯಮ್ಮ, ನೆಲ ನೋಡುತ್ತ. “ಅದೇ ನಾಕು ಜನ ಇವತ್ತು ಬಂದವ್ರೆ. ಬಾ, ಅವರ ಮುಂದೇನೇ ಯೋಳ್ತೀನಿ. ನಂಗೆ ನಿನ್ನ ಕೈ ಸುಟ್ಟಿದ್ದು ನೆಪ್ಪಾಗಿ ನಿದ್ದೆ ಬರಾಕಿಲ್ಲ ಕಣಮ್ಮಿ.”

“ಕೈ ವಾಸಿಯಾಯ್ತು ಬುಡು.”

“ವಾಸಿಯಾದ್ರೆ ಬಂದು ಉಣ್ಣು.”

ಚಲುವಮ್ಮ ಹೋಗಿ ಉಂಡಳು. ಮರಿತಾಯಮ್ಮ ಹೇಳಬೇಕಾದ್ದನ್ನು ಹೇಳಿದಳು. ಕೇಳಿದವರು ತಟ್ಟೆಯ ಕಡೆ ನೋಡಿಕೊಂಡು ತಲೆಯಾಡಿಸಿದರು.

ಎಲ್ಲರೂ ತನಗೆ ಉಪಕಾರ ಹೇಳುತ್ತಿದ್ದಾರೆ, ತಾನು ಮಾತ್ರ ಹೇಳಬೇಕಾದ ಕಡೆ ಇನ್ನೂ ಹೇಳಿಲ್ಲ ಎಂದು ಚಲುವಮ್ಮನಿಗೆ ಅನ್ನಿಸುತ್ತಲೇ ಇತ್ತು. ಶೋಭಿತಾಗೆ ಹೇಳಿದರೆ ಅವಳು ನಕ್ಕು ತೇಲಿಸುತ್ತಿದ್ದಳು. ಕಡೆಗೆ ಒಂದು ಭಾನುವಾರ ಗಂಡ ಮರಿಸಿದ್ದಯ್ಯನಿಗೆ ಹೇಳಿ, ಮನೆಯ ಗಿಡದ ಎರಡು ಮೊಳ ಮಲ್ಲಿಗೆ ಕಟ್ಟಿಕೊಂಡು, ಆರು ಎಳನೀರು ಚೀಲಕ್ಕೆ ಹಾಕಿಕೊಂಡು, ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದಳು.

ಶೋಭಿತಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ತಾಯಿ ಶಶಿರೇಖಾ ಅಂಗನವಾಡಿ ಟೀಚರು. ಬೀದಿಯ ಮಕ್ಕಳೇ ಕರೆದುಕೊಂಡು ಹೋಗಿ ಬಿಟ್ಟವು. ನಡುಮನೆಯಲ್ಲಿ ಬುದ್ಧನ ಒಂದು ಬಿಳಿಯ ಮೂರ್ತಿ, ಅದರ ಮುಂದೆ ಅಂದಿನ ಹೂವು. ಶೋಭಿತಾ ಹಿತ್ತಿಲಿನಲ್ಲಿ ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸಿಕೊಳ್ಳುತ್ತಿದ್ದವಳು, ಚಲುವಮ್ಮನನ್ನು ಕಂಡು ಗಾಬರಿಯಾಗಿ, “ಏನಾಯ್ತು ಗೋಡೌನಲ್ಲಿ?” ಎಂದು ಎದ್ದಳು.

“ಏನೂ ಆಗಿಲ್ಲ ಕೂತ್ಕೊ. ನಿನ್ನ ನೋಡಾಕೆ ಬಂದಿಲ್ಲ ನಾನು, ನಿಮ್ಮವ್ವನ್ನ ನೋಡಾಕೆ ಬಂದೆ.”

ಶಶಿರೇಖಾ ಕಾಫಿ ತಂದರು. ಚಲುವಮ್ಮ ಲೋಟವನ್ನು ಪಕ್ಕಕ್ಕಿಟ್ಟು, ಮಲ್ಲಿಗೆಯನ್ನು ಅವರ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಆಗ ಒಂದೂ ನೆನಪಾಗಲಿಲ್ಲ.

“ನಿಮ್ಮ ಮಗಳು ನಂಗೆ ಅಕ್ಸರ ಕಲಿಸ್ನಿಲ್ಲ ಕಣವ್ವ, ಅದ್ಕೂ ದೊಡ್ಡದು ಕಲಿಸ್ದಳು. ನಾನು ತಪ್ಪು ಮಾಡ್ದಾಗ ಮುಚ್ಚಿಡ್ಲೂ ಇಲ್ಲ, ನನ್ನ ಕೈ ಬುಡ್ಲೂ ಇಲ್ಲ. ಇಂತೋಳ್ನ ಎತ್ತೋರ ಮಕ ನೋಡ್ಬೇಕು ಅನ್ನುಸ್ತು. ಅಷ್ಟೇಯ.”

ಶಶಿರೇಖಾ ಹೂವನ್ನು ಮಡಿಲಲ್ಲಿಟ್ಟುಕೊಂಡರು.

“ನಾನೇ ನಿಮ್ಮನ್ನ ನೋಡೋಕೆ ಬರಬೇಕಿತ್ತು” ಎಂದರು. “ಇವಳು ಆ ಗೋಡೌನಿಗೆ ಸೇರಿದಾಗಿಂದ ನಂಗೆ ಸಂಜೆ ಐದೂವರೆ ಅಂದ್ರೆ ಜೀವ ಕೈಲಿ. ಫೋನ್ ಬರೋಗಂಟ ಒಲೆ ಹಚ್ಚಲ್ಲ ನಾನು. ಆ ಬುಧವಾರ ಇವಳು ಮಂಡ್ಯದಲ್ಲಿದ್ಲು, ನೀವು ಅಲ್ಲಿದ್ರಿ. ಇವಳೇ ಇದ್ದಿದ್ರೂ ನೀವು ಪಕ್ಕದಲ್ಲಿರ್ತಿದ್ರಿ ಅಂತ ಈಗ ಸ್ವಲ್ಪ ಧೈರ್ಯ.”

“ಅಮ್ಮ, ಸಾಕು” ಎಂದಳು ಶೋಭಿತಾ ಬಾಗಿಲಲ್ಲಿ ನಿಂತು.

“ನೀನು ಸುಮ್ನಿರು” ಎಂದರು ತಾಯಿ. ಎದ್ದು ಹೋಗಿ ಮೊಬೈಲು ತಂದು, ಕನ್ನಡಕ ಏರಿಸಿಕೊಂಡರು. “ನಿಮ್ಮ ನಂಬರ್ ಹೇಳಿ ಚಲುವಮ್ಮ. ಇವಳು ಎಷ್ಟೋ ಸಲ ಫೋನ್ ಎತ್ತಲ್ಲ. ಇನ್ಮೇಲೆ ನಿಮಗೇ ಮಾಡ್ತೀನಿ.”

ಚಲುವಮ್ಮನಿಗೆ ತನ್ನ ನಂಬರು ಬಾಯಿಪಾಠವಿತ್ತು. ಒಂದೊಂದೇ ಅಂಕಿಯಾಗಿ, ನಿಧಾನವಾಗಿ ಹೇಳಿದಳು. ಶಶಿರೇಖಾ ಬರೆದುಕೊಂಡು, ಸರಿಯಿದೆಯೇ ಎಂದು ನೋಡಲು ಅಲ್ಲೇ ಒಂದು ಸಲ ಕರೆ ಮಾಡಿದರು. ಚೀಲದೊಳಗೆ ಎಳನೀರಿನ ಪಕ್ಕದಲ್ಲಿ ಫೋನು ಹೊಡೆದುಕೊಂಡಿತು.